ಹೊಟ್ಟೆ ತುಂಬಿದ ಕೌದಿ

ಎಡಗಡೆಯ ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತುಬಿಟ್ಟಾಗ ಕುಳಗಿ ಕಾಡಿನ ಅಷ್ಟೂ ಹುಲಿಗಳು ತಲೆಯೆತ್ತಿ ಆಕಾಶ ನೋಡಿದವು. ಮಿಲಿಟರಿಯ ಆ ಸಾಮಾನಿನ ವಿಮಾನದೊಳಗಿದ್ದ ಪಾಳಾ ಊರಿನ ಈಶಪ್ಪ ಮಾತ್ರ, ಕದವಿಲ್ಲದ ಬಾಗಿಲಿನ ಪಕ್ಕ ಕೂತು, ಇನ್ನೂ ನೆಲವನ್ನೇ ನೋಡುತ್ತಿದ್ದ.

ಯುದ್ಧ ಸುರುವಾಗಿ, ದಂಡಿನ ರಸ್ತೆ ಕೆಲಸಕ್ಕೆ ಸೇರಿದ ಮೇಲೆ ಅವನು ಊರಿನ ಎರಡು ಸುಗ್ಗಿ ಕಳಕೊಂಡಿದ್ದ. ರಜೆ ಕೇಳಿ ಕೇಳಿ ಅವನ ನಾಲಿಗೆ ಸವೆದು ವೀಳ್ಯದೆಲೆಯಷ್ಟು ತೆಳ್ಳಗಾಗಿತ್ತು. ಇವತ್ತು ಬೆಳಗಾವಿಯಿಂದ ಬೆಂಗಳೂರಿಗೆ ಹೊರಟ ವಿಮಾನ ತನ್ನೂರಿನ ಮೇಲೆಯೇ ಹಾಯುತ್ತದೆಂದು ಗೊತ್ತಾದಾಗಿನಿಂದ ರೆಪ್ಪೆ ಮಿಟುಕಿಸಿರಲಿಲ್ಲ. ಇನ್ನೊಂದು ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಪಾಳಾ ಬರುತ್ತಿತ್ತು. ಅಂಗಳದಲ್ಲಿ ಹೆಂಡತಿ ತಾಯವ್ವ ಇದ್ದರೂ ಇರುತ್ತಿದ್ದಳು.

ವಿಮಾನ ಒಂದು ಕಡೆ ವಾಲಿ, ಬಂದ ದಾರಿಗೇ ತಿರುಗಿತು.

ಇಳಿಯಲು ಕೆಳಗೆ ಕಾಡು ಬಿಟ್ಟು ಬೇರೇನೂ ಇರಲಿಲ್ಲ. ಭಾರ ಇಳಿಸಿದರೆ ಬೆಳಗಾವಿ, ಇಲ್ಲವಾದರೆ ಸಾಗುವಾನಿಯ ತುದಿ ಎಂದು ಪೈಲಟ್ ಸಾಹೇಬ ಹೇಳಿ ಕಳಿಸಿದ. ಬಾಗಿಲಿನಿಂದಾಚೆ ಹಿಟ್ಟಿನ ಚೀಲ ಹೋದವು, ಗುದ್ದಲಿ ಪೆಟ್ಟಿಗೆ ಹೋದವು, ಎಲ್ಲರ ಗಂಟುಮೂಟೆಯೂ ಹೋಯಿತು. ಆದರೂ ಮರಗಳು ಹತ್ತಿರ ಹತ್ತಿರ ಬಂದವು. ಕೊನೆಗೆ ಹವಾಲ್ದಾರನ ಕಣ್ಣು ಈಶಪ್ಪ ಹೊದ್ದುಕೊಂಡಿದ್ದ ಕೌದಿಯ ಮೇಲೆ ಬಿತ್ತು.

ಅದು ತಾಯವ್ವ ಹೊಲಿದ ಕೌದಿ. ನಡುವೆ ಅವಳ ಧಾರೆ ಸೀರೆಯ ಹಸಿರು, ಸುತ್ತ ಅವನ ಹಳೇ ಧೋತರ, ಸತ್ತ ಅತ್ತೆಯ ಸೀರೆ. ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟಿದ್ದಳು. "ಕೌದಿ ಹಸದಿರಬಾರದ್ರೀ," ಅಂದಿದ್ದಳು, "ಅದು ಹಸದ್ರ ಹೊದ್ದಕೊಂಡವರೂ ಹಸೀತಾರ."

ಈಶಪ್ಪ ಸುಳ್ಳು ಹೇಳುವವನಲ್ಲ. ನಿಜಕ್ಕೆ ಒಂದೆರಡು ಬಂಡಿ ಗೊಬ್ಬರ ಹಾಕುವವನು. ಈ ಕೌದಿಯಲ್ಲಿ ಏಳು ತಲೆಮಾರಿನ ಸೀರೆಗಳಿವೆ, ಎತ್ತಲು ಜೋಡಿ ಎತ್ತು ಬೇಕು, ಹೊದ್ದರೆ ಗುಂಡೂ ತೂರುವುದಿಲ್ಲ ಎಂದು ಇಡೀ ಕಂಪನಿಗೆ ಸಾರಿದ್ದ. ಅದನ್ನು ಬಾಯಿಪಾಠ ಮಾಡಿಕೊಂಡಿದ್ದವನು ಹಳಿಯಾಳದ ಕಡೆಯ ತಾಂಡಾದ ಖೇಮಪ್ಪ.

"ಜೋಡೆತ್ತಿನ ಭಾರ ಅಂತ ನೀನ ಹೇಳಿದ್ದೆಲ್ಲೋ ಅಣ್ಣಾ," ಅಂದ ಖೇಮಪ್ಪ. "ಒಗಿ."

"ಹಗರ ಐತೋ ಖೇಮಪ್ಪಾ. ಹತ್ತಿಯಂಗ ಐತಿ. ನಾ ಸುಮ್ನ ಅಂದಿದ್ದೆ."

ಹುಟ್ಟಿದಾಗಿನಿಂದ ಈಶಪ್ಪ ಆಡಿದ ಮೊದಲ ಗೊಬ್ಬರವಿಲ್ಲದ ಮಾತು ಅದು. ಒಬ್ಬನೂ ನಂಬಲಿಲ್ಲ. ಹವಾಲ್ದಾರ ಕೈಚಾಚಿದ. ಎದುರಿಗೆ ಕೂತಿದ್ದ ಹುಡುಗರೆಲ್ಲ ಈಶಪ್ಪನ ಮುಖವನ್ನೇ ನೋಡುತ್ತಿದ್ದರು. ಅವರಿಗೂ ಎಲ್ಲೋ ಒಂದೊಂದು ಅಂಗಳವಿತ್ತು.

ಈಶಪ್ಪ ಕೌದಿಯ ರೊಟ್ಟಿಯಿದ್ದ ಮೂಲೆಯನ್ನು ಹಲ್ಲಿಗೆ ಹಚ್ಚಿ ಹರಿದು ಮುಷ್ಟಿಯಲ್ಲಿ ಹಿಡಿದ. ಉಳಿದದ್ದನ್ನು ತಾನೇ ಬಾಗಿಲಿಗೆ ಒಯ್ದು ಬಿಟ್ಟ. ಒಣಹಾಕುವ ಮುಂಚೆ ತಾಯವ್ವ ಝಾಡಿಸುತ್ತಿದ್ದಳಲ್ಲ, ಹಾಗೆ ಒಮ್ಮೆ ಪಟಾರನೆ ಬಿಚ್ಚಿಕೊಂಡಿತು. ಆಮೇಲೆ ಪಾಳಾದ ದಿಕ್ಕಿಗೆ ತೇಲುತ್ತ, ಇಡೀ ಕಾಡಿಗೇ ಹೊದಿಸುವಷ್ಟು ದೊಡ್ಡದಾಗಿ, ಮರಗಳ ಮೇಲೆ ಇಳಿಯಿತು.

ವಿಮಾನ ಏರಲಿಲ್ಲ. ಇಳಿಯುವುದನ್ನು ಬಿಟ್ಟಿತು, ಅಷ್ಟೇ. ಅದು ಗುದ್ದಲಿ ಪೆಟ್ಟಿಗೆಗಳ ಪುಣ್ಯವೋ ಕೌದಿಯದೋ, ಕುಂಟುತ್ತ ಕುಂಟುತ್ತ ಬೆಳಗಾವಿಯ ಬಯಲಿಗೆ ಬಂದು ಕುಕ್ಕರಿಸಿತು.

ಎಲ್ಲರೂ ಹುಲ್ಲಿನ ಮೇಲೆ ಬಿದ್ದುಕೊಂಡರು. ಖೇಮಪ್ಪ ಬಂದು ಪಕ್ಕ ಕೂತ. ಹುಲ್ಲು ಕೀಳುತ್ತ ಮೆಲ್ಲಗೆ ಕೇಳಿದ:

"ಖರೇ ಹೇಳಣ್ಣಾ, ಎಷ್ಟ ಭಾರ ಇತ್ತು?"

"ಜೋಡೆತ್ತಿಗೆಲ್ಲಿ ಏಳ್ತಿತ್ತಲೇ," ಅಂದ ಈಶಪ್ಪ. "ನಾಕ ಎತ್ತು ಬೇಕಿತ್ತು."

ಮುಷ್ಟಿ ಬಿಚ್ಚಿದ. ಮೂಲೆಯೊಳಗಿನ ರೊಟ್ಟಿ ಪುಡಿಯಾಗಿತ್ತು, ಅರ್ಧ ಸೋರಿಹೋಗಿತ್ತು. ಖೇಮಪ್ಪ ಟೊಪ್ಪಿಗೆಗೆ ಚುಚ್ಚಿದ್ದ ಸೂಜಿದಾರ ತೆಗೆದುಕೊಟ್ಟ. ಈಶಪ್ಪ ಜೇಬಿನಿಂದ ದಂಡಿನ ಬಿಸ್ಕೀಟು ತೆಗೆದು, ಒಂದು ಚೂರು ಮುರಿದು ಆ ಮೂಲೆಯೊಳಗೆ ತುರುಕಿ, ಅದರ ಬಾಯಿ ಹೊಲಿಯತೊಡಗಿದ.