ಬಾಯಿ ತೊಳೆಯುವ ನೀರಿಗಿಟ್ಟ ಹೆಸರು

ಅವಳ ಅಪ್ಪ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶಾಲೆ ಬಿಟ್ಟು ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೀಸೆಗಳ ಮೇಲಿನ ಇಂಗ್ಲಿಷ್ ಪದಗಳನ್ನು ಹುರುಳಿಕಾಯಿ ಮುರಿದಂತೆ ಮುರಿದು ತೋರಿಸುತ್ತಿದ್ದ. “ಹೈಪರ್ ಅಂದ್ರೆ ಜಾಸ್ತಿ, ಹೈಪೋ ಅಂದ್ರೆ ಕಮ್ಮಿ. ಇವು ಗ್ರೀಕ್ ತುಂಡುಗಳು. ಡೆಂಟ್ ಅಂದ್ರೆ ಹಲ್ಲು, ಅದು ಲ್ಯಾಟಿನ್ನಿಂದ ಬಂದಿದ್ದು. ತುಂಡು ಗೊತ್ತಿದ್ರೆ ಇಡೀ ಪದ ತಾನಾಗೇ ಬಾಯಿ ಬಿಡುತ್ತೆ, ಮಗಳೇ.”

ಆ ವಿದ್ಯೆಯೇ ಮುಂದೆ ಅವಳಿಗೆ ಅನ್ನ ಕೊಟ್ಟಿತು. ಸೋಪು, ಎಣ್ಣೆ, ಟೂತ್‌ಪೇಸ್ಟು ತಯಾರಿಸುವ ಕಂಪನಿಯೊಂದರಲ್ಲಿ ಹೊಸ ಸರಕುಗಳಿಗೆ ಹೆಸರು ಕಟ್ಟುವ ಕೆಲಸ ಅವಳದು. ಅವಳ ಮೇಲಧಿಕಾರಿಯನ್ನು ಕಚೇರಿಯವರೆಲ್ಲ ಬೆನ್ನ ಹಿಂದೆ ಜೇನುಬಾಯಿ ಎಂದು ಕರೆಯುತ್ತಿದ್ದರು. ಅವನ ಮಾತು ಅಷ್ಟು ಸಿಹಿ.

ಅಪ್ಪ ಹಾಸಿಗೆ ಹಿಡಿದ ಮೇಲೆ ಅವನ ಕಣ್ಣಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಕಂಪನಿಯ ಹೊಸ ತಲೆಯೆಣ್ಣೆಯನ್ನು ತಂದು ಅವನ ನೆತ್ತಿಗೆ ತಟ್ಟುತ್ತಾ, “ಇದಕ್ಕೇನು ಹೆಸರಿಡೋಣಪ್ಪಾ?” ಎಂದು ಕೇಳಿದಳು. “ನಿದ್ದೆಗೆ ಸೋಮ್ನ್, ಹೂವಿಗೆ ಫ್ಲೋರ್,” ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. ಸೋಮ್ನಿಫ್ಲೋರ. ಇಬ್ಬರೂ ನಕ್ಕರು. ಮರುದಿನವೇ ಆ ಹೆಸರನ್ನೂ ಅದು ಹುಟ್ಟಿದ ಕಥೆಯನ್ನೂ ಅವಳು ಜೇನುಬಾಯಿಗೆ ಹೇಳಿದ್ದಳು. ಅದೇ ವಾರ ಅಪ್ಪ ತೀರಿಕೊಂಡ.

ಅಪ್ಪನ ಕಾರ್ಯಕ್ಕೆ ಹಾಕಿದ್ದ ರಜೆ ಮುಗಿಸಿ ಬಂದಾಗ ಸೋಮ್ನಿಫ್ಲೋರ ಹೆಸರಿನಲ್ಲೇ ಆ ಎಣ್ಣೆ ಅಂಗಡಿಗಳಿಗೆ ಬಂದಿತ್ತು, ಜೇನುಬಾಯಿ ಬಡ್ತಿ ಪಡೆದು ಹೊಸ ಗಾಜಿನ ಕೋಣೆಯಲ್ಲಿದ್ದ. ಕಂಪನಿಯ ಯಜಮಾನರ ಮುಂದೆ ಅವನು ಏನು ಹೇಳಿದ್ದನೆಂಬುದನ್ನು ಕಚೇರಿಯ ಗೆಳತಿಯೊಬ್ಬಳು ತಿಳಿಸಿದಳು: “‘ಕಾಯಿಲೆ ಬಿದ್ದಿರೋ ನಮ್ಮಪ್ಪನ ತಲೆಗೆ ಎಣ್ಣೆ ಹಚ್ಚುವಾಗ ಹೊಳೀತು’ ಅಂದ ಕಣೇ. ಯಜಮಾನರ ಕಣ್ಣಲ್ಲಿ ನೀರು!”

ಅವಳು ನೇರ ಗಾಜಿನ ಕೋಣೆಗೆ ಹೋದಳು. “ಸರ್, ಅದು ನಮ್ಮಪ್ಪನ ಕೊನೇ ಮಾತು.”

“ಅಯ್ಯೋ, ನಮ್ಮನಮ್ಮಲ್ಲಿ ನಂದು ನಿಂದು ಅಂತ ಇದ್ಯೇನಮ್ಮಾ? ನಾವೆಲ್ಲ ಒಂದೇ ಮನೆಯವರಲ್ವಾ?”

ಹೆಸರನ್ನಷ್ಟೇ ಕದ್ದಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಅವನು ಅಪ್ಪನನ್ನೇ ಕದ್ದಿದ್ದ. ಅವಳು ಹೊರಬಂದಳು. ಅಂದಿನಿಂದ ಅವನಿಗೆ ಇನ್ನೂ ಹೆಚ್ಚು ವಿನಯದಿಂದ ನಮಸ್ಕಾರ ಮಾಡತೊಡಗಿದಳು.

ಬೇಸಿಗೆಯಲ್ಲಿ ಕಂಪನಿ ಬಾಯಿ ಮುಕ್ಕಳಿಸುವ ನೀರನ್ನು ತರಲು ಹೊರಟಿತು. ಜೇನುಬಾಯಿ ಅವಳ ಮೇಜಿನ ಬಳಿ ಸುಳಿದ. “ಏನಾದ್ರೂ ಹೊಳೀತಾ ತಾಯಿ?”

“ಮೆಂಡೋರಾ ಅಂತ, ಸರ್. ಓರಾ ಅಂದ್ರೆ ಲ್ಯಾಟಿನ್ನಲ್ಲಿ ಬಾಯಿ. ಓರಲ್ ಅಂತೀವಲ್ಲ, ಅದೇ.”

“ಮೆಂಡ್ ಅಂದ್ರೆ ರಿಪೇರಿ. ಬಾಯಿ ರಿಪೇರಿ! ಭೇಷ್!”

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇದನ್ನು ಕಟ್ಟಿದ್ದು ಇವಳೆಂದು ಅವನು ಸಭೆಯಲ್ಲಿ ಹೇಳಿದರೆ ಸಿಕ್ಕಿಬೀಳುವವಳು ಅವಳೇ. ಆದರೆ ಅವನು ಹೇಳುವ ಪೈಕಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಸಭೆಗೆ ಯಜಮಾನರ ಜೊತೆ ಕಂಪನಿಯ ವಕೀಲೆಯೂ ಬಂದಿದ್ದರು. ಹೊಸ ಹೆಸರನ್ನು ನೋಂದಾಯಿಸುವವರು ಅವರೇ, ಅದೂ ಅವಳಿಗೆ ಗೊತ್ತಿತ್ತು. ಜೇನುಬಾಯಿ ಎದ್ದು ನಿಂತು, “ಲ್ಯಾಟಿನ್ ನನಗೆ ಚಿಕ್ಕಂದಿನ ಹುಚ್ಚು. ಇದು ನನ್ನ ಸ್ವಂತ ಕೂಸು,” ಎಂದು ಹೆಸರನ್ನು ಪರದೆಯ ಮೇಲೆ ಮೂಡಿಸಿದ.

ವಕೀಲೆ ಕನ್ನಡಕ ತೆಗೆದರು. “ಲ್ಯಾಟಿನ್ ಅಂದ್ರಾ? ಕೋರ್ಟಲ್ಲಿ ಸುಳ್ಳು ಹೇಳೋ ಸಾಕ್ಷೀನ ನಾವು ಮೆಂಡೇಶಸ್ ಅಂತೀವಿ. ಮೆಂಡ್ ಅನ್ನೋ ತುಂಡಿಗೆ ಲ್ಯಾಟಿನ್ನಲ್ಲಿ ಸುಳ್ಳು ಅಂತ ಅರ್ಥ. ನಿಮ್ಮ ಕೂಸಿನ ಹೆಸರು ಸುಳ್ಳುಬಾಯಿ ಕಣ್ರೀ.”

ಯಾರೋ ಕಿಸಕ್ಕೆಂದರು. ಜೇನುಬಾಯಿಯ ಮುಖ ಸುಣ್ಣವಾಯಿತು. ತಟಕ್ಕನೆ ಅವಳತ್ತ ಬೆರಳು ತೋರಿಸಿದ. “ಇವಳು ಕೊಟ್ಟಿದ್ದು! ನನಗೇನೂ ಗೊತ್ತಿಲ್ಲ!”

“ಈಗಷ್ಟೇ ನಿನ್ನ ಕೂಸು ಅಂದ್ಯಲ್ಲಪ್ಪಾ?” ಯಜಮಾನರ ದನಿ ತಣ್ಣಗಿತ್ತು. “ಹಾಗಾದ್ರೆ ಸೋಮ್ನಿಫ್ಲೋರ ಯಾರದು?”

ಜೇನುಬಾಯಿ ಪರದೆ ಆರಿಸಲು ಗುಂಡಿ ಹುಡುಕತೊಡಗಿದ.

ಅವಳು ಎದ್ದಳು. “ಎರಡೂ ನಂದೇ ಸರ್. ಮೊದಲನೇದನ್ನ ನಮ್ಮಪ್ಪ ಸಾಯೋ ಮುಂಚೆ ಅವರ ಜೊತೆ ಕೂತು ಕಟ್ಟಿದ್ದು. ಇವರ ತಂದೆ ಗಟ್ಟಿಮುಟ್ಟಾಗಿದ್ದಾರೆ, ಫೋನ್ ಮಾಡಿ ಕೇಳಿ. ಎರಡನೇದನ್ನ ಇವರು ಕದೀಲಿ ಅಂತಲೇ ಕಟ್ಟಿದ್ದು.”

ಅಂದೇ ಜೇನುಬಾಯಿಯ ಗಾಜಿನ ಕೋಣೆ ಖಾಲಿಯಾಯಿತು. ಗೊತ್ತಿದ್ದೂ ಕಂಪನಿಗೆ ಕೆಟ್ಟ ಹೆಸರು ಕೊಟ್ಟವಳನ್ನು ಇಟ್ಟುಕೊಳ್ಳಲಾರೆ ಎಂದು ಯಜಮಾನರು ಅವಳನ್ನೂ ಕಳುಹಿಸಿದರು. ಅವಳು ತಕರಾರೆತ್ತಲಿಲ್ಲ. ಹೊರಗೆ ಬಸ್ಸಿಗೆ ನಿಂತಿದ್ದಾಗ ಜೇನುಬಾಯಿ ರಟ್ಟಿನ ಡಬ್ಬ ತಬ್ಬಿಕೊಂಡು ತಲೆತಗ್ಗಿಸಿ ಹಾದುಹೋದ. ಅವನು ತಿರುವು ದಾಟಿ ಮರೆಯಾಗುವವರೆಗೂ ಅವಳು ಕಣ್ಣು ಕೀಳದೆ ನೋಡಿದಳು. ಮರುಕವೇನೂ ಹುಟ್ಟಲಿಲ್ಲ.

ಮನೆಯಲ್ಲಿ ಅಮ್ಮ ಸುದ್ದಿ ಕೇಳಿ ಹಣೆ ಚಚ್ಚಿಕೊಂಡಳು. “ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತೇನೇ?”

“ಕೊಯ್ದಿದ್ದು ಅವನ ಮೂಗಮ್ಮಾ.”

“ನಿನ್ನ ಕೆಲಸಾನೂ ಹೋಯ್ತಲ್ಲ!”

“ಹೋಯ್ತು.”

ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು.

“ಕೂತ್ಕೋ. ಆ ವಕೀಲಮ್ಮ ಅರ್ಥ ಹೇಳಿದಾಗ ಅವನ ಮುಖ ಹೇಗಾಯ್ತು? ಮೊದಲಿಂದ ಹೇಳು.”