ಎಂಜಿನ್ ಚಕ್ರದಡಿಯ ನಿಂಬೆಹಣ್ಣು

ಗುಣಪಾಲ ಶೆಟ್ಟರಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಕನ್ನಡ ಮಾತಾಡುತ್ತಾರೆ. ಜೆಪ್ಪುವಿನ ಅವರ ಹೋಟೆಲಿಗೆ ಬರುವವರಿಗೆಲ್ಲ ಇದು ಗೊತ್ತು. ಪ್ರೀತಿ, ತಮಾಷೆ, ಜಗಳ ಎಲ್ಲವೂ ತುಳುವಿನಲ್ಲಿ. ಮನಸ್ಸು ಮುರಿದರೆ ಮಾತ್ರ ಪಾಠಪುಸ್ತಕದ ಕನ್ನಡ. ಹಾಗಾಗಿ ಆಯುಧಪೂಜೆಯ ಮರುದಿನ ಸಂಜೆ ಗುಡಿಯ ಅರ್ಚಕ ಚಕ್ರಪಾಣಿ ಭಟ್ಟರು ಎಂದಿನಂತೆ ಗೋಳಿಬಜೆ ತಿನ್ನಲು ಬಂದು ಕೂತಾಗ, ಶೆಟ್ಟರು ದುಡ್ಡು ತೆಗೆದುಕೊಳ್ಳುವ ಗಲ್ಲೆಯಿಂದಲೇ "ನಮಸ್ಕಾರ. ತಮಗೆ ಏನು ಬೇಕು?" ಎಂದದ್ದು ಕೇಳಿ ಭಟ್ಟರ ಎದೆ ಧಸಕ್ಕೆಂದಿತು. ಒಂದೇ ಬೆಂಚಿನಲ್ಲಿ ಕೂತು ಓದಿದವರು ಇಬ್ಬರೂ. ತಮಗೆ ಅಂತೆ, ತಮಗೆ!

ತಪ್ಪು ಭಟ್ಟರದ್ದೇ. ಅವರೂ ಅದನ್ನು ಒಪ್ಪುತ್ತಾರೆ, ಹೆಂಡತಿ ರಮಾದೇವಿ ಮನೆಯಲ್ಲಿ ಇಲ್ಲದಿರುವಾಗ.

ಶೆಟ್ಟರ ಬಳಿ ಒಂದು ಪುಟ್ಟ ಉಗಿಬಂಡಿ ಎಂಜಿನ್ ಇದೆ. ಮೊಳಕ್ಕಿಂತ ಚಿಕ್ಕದು, ಕರೆಂಟಿನಲ್ಲಿ ಓಡುತ್ತದೆ. ಅದನ್ನು ಆಟಿಕೆ ಎಂದರೆ ಅವರಿಗೆ ಆಗುವುದಿಲ್ಲ, ಮಾಡೆಲ್ ಎನ್ನಬೇಕು. ಅಂಗಡಿಯಿಂದ ತರುವಾಗ ಅದರ ಮೈಮೇಲಿನ ಸಣ್ಣಪುಟ್ಟದ್ದೆಲ್ಲ ಪ್ಲಾಸ್ಟಿಕ್ಕಿನದು. ಶೆಟ್ಟರು ಒಂದು ಮಳೆಗಾಲ ಪೂರ್ತಿ ಕೂತು ಪ್ಲಾಸ್ಟಿಕ್ ಹಿಡಿಕೆಗಳನ್ನು ಬ್ಲೇಡಿನಿಂದ ಕೆರೆದು ತೆಗೆದು, ಸೂಜಿಯಷ್ಟು ಸಪುರ ಡ್ರಿಲ್ಲಿನಿಂದ ತೂತು ಕೊರೆದು, ಹಿತ್ತಾಳೆ ತಂತಿ ಕೂರಿಸಿದರು. ಚಿಮಣಿ ಹಿತ್ತಾಳೆಯದ್ದಾಯಿತು, ಸೀಟಿ ಹಿತ್ತಾಳೆಯದ್ದಾಯಿತು, ಮುಂದಿನ ದೀಪಕ್ಕೆ ಬಿಳಿ ಗಾಜು ಬಂತು. ಹೋಟೆಲಿನ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಗೊತ್ತಾಗದ ಮನುಷ್ಯ, ಆ ಸೀಟಿ ಕೂದಲೆಳೆಯಷ್ಟು ವಾಲಿತೆಂದು ಒಂದು ರಾತ್ರಿ ಊಟ ಬಿಟ್ಟಿದ್ದರು.

ಆಯುಧಪೂಜೆಯ ದಿನ ಅದನ್ನು ಗಲ್ಲೆಯ ಮೇಲೆ ಹಳಿ ಹಾಸಿ ಇಟ್ಟರು. "ಇದಕ್ಕೂ ಒಂದು ಪೂಜೆ ಆಗ್ಲಿ ಭಟ್ರೇ," ಎಂದು ಆಗಿನ್ನೂ ತುಳುವಿನಲ್ಲೇ ಹೇಳಿದರು. ಭಟ್ಟರು ಅಷ್ಟರಲ್ಲಿ ಗ್ರೈಂಡರ್, ಫ್ರಿಜ್, ಸ್ಕೂಟರ್, ಕಾರು ಎಲ್ಲ ಮುಗಿಸಿ ಭಾರೀ ಹುರುಪಿನಲ್ಲಿದ್ದರು. ಗಂಧ ಹಚ್ಚಿದರು, ಕುಂಕುಮ ಇಟ್ಟರು, ದಾಸವಾಳದ ಒಂದು ಎಸಳು ಏರಿಸಿದರು. ಅಷ್ಟಕ್ಕೆ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಇಲ್ಲ, ಬುಟ್ಟಿಯಲ್ಲಿ ಕೈಯಾಡಿಸಿ, ಇದ್ದುದರಲ್ಲೇ ಚಿಕ್ಕ ನಿಂಬೆಹಣ್ಣು ಹುಡುಕಿ ಹಳಿಯ ಮೇಲೆ ಚಕ್ರದ ಮುಂದೆ ಇಟ್ಟರು.

"ಎಂತ ಮಾರಾಯ್ರೆ ಇದು? ಎಂಜಿನಿಗಿಂತ ನಿಂಬೆಹಣ್ಣೇ ಘಟ್ಟಿ ಉಂಟು."

"ಕಾರಿಗೆ ಉಂಟು, ಸ್ಕೂಟರಿಗೆ ಉಂಟು, ಇದಕ್ಕೆ ಎಂತಕ್ಕೆ ಬೇಡ? ಚಕ್ರ ಅಂದ್ರೆ ಚಕ್ರ. ಆಮೇಲೆ ದೃಷ್ಟಿ ಆಯ್ತು ಅಂತ ನನ್ನ ಹತ್ರ ಬರ್ಬೇಡಿ. ಬಿಡಿ ನೀವು, ಜೋರು ಬಿಡಿ!"

ಶೆಟ್ಟರು ಜೋರಾಗಿಯೇ ಬಿಟ್ಟರು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಎಂಜಿನ್ ಅದರ ಮೇಲೆ ಹತ್ತಿ, ಮಗುಚಿ, ಗಲ್ಲೆಯಿಂದ ಕೆಳಗೆ, ಪೂಜೆಗೆಂದು ಇಟ್ಟಿದ್ದ ಗ್ರೈಂಡರಿನ ಕಲ್ಲಿನ ಮೇಲೆ ಬಿತ್ತು. ಚಿಮಣಿ ಜಜ್ಜಿಹೋಯಿತು, ಹಿಡಿಕೆ ಕಿತ್ತುಬಂತು, ಸೀಟಿ ಮತ್ತು ದೀಪ ಎಲ್ಲಿ ಹಾರಿದವೋ ಸಿಗಲೇ ಇಲ್ಲ. ಶೆಟ್ಟರು ಉಳಿದದ್ದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಪೂಜೆ ಚೆನ್ನಾಗಿ ನೆರವೇರಿತು. ಧನ್ಯವಾದಗಳು," ಎಂದರು.

ಆಮೇಲೆ ದೀಪಾವಳಿಯೂ ಕಳೆಯಿತು, ಆ ಕನ್ನಡ ಇಳಿಯಲಿಲ್ಲ. ಗೋಳಿಬಜೆ ಬರುತ್ತಿತ್ತು, ಚಟ್ನಿಯೂ ಬರುತ್ತಿತ್ತು, ಎದುರಿನ ಕುರ್ಚಿಗೆ ಮಾತ್ರ ಶೆಟ್ಟರು ಬರುತ್ತಿರಲಿಲ್ಲ. ಭಟ್ಟರು ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದರು. ಇನ್ನೆಷ್ಟು ವರ್ಷ ಇರುತ್ತೇವೋ, ಈ ತಮಗೆ-ತಾವುಗಳಲ್ಲೇ ಮುಗಿಯಬೇಕೇ ಎಂದು ಒಳಗೊಳಗೇ ಅತ್ತರು.

ಒಂದು ಬೆಳಿಗ್ಗೆ ಶೆಟ್ಟರ ಹೆಂಡತಿ ಸ್ವರ್ಣಲತಾ ಗುಡಿಗೆ ಬಂದು, ಹಣ್ಣುಕಾಯಿ ಕೊಡುವ ಬದಲು ಒಂದು ಬಟ್ಟೆಚೀಲ ಕೊಟ್ಟರು.

"ಎಂಜಿನ್ ಉಂಟು ಇದ್ರಲ್ಲಿ. ಇವರು ಕಪಾಟಿಗೆ ಹಾಕಿ ಬೀಗ ಜಡಿದಿದ್ರು. ಈಗ ನನ್ನ ಹತ್ರ ಸಹ ಕನ್ನಡ ಶುರು ಮಾಡಿದ್ದಾರೆ. ನನಗೆ ಸಾಕಾಯ್ತು ಭಟ್ರೇ."

"ನಂಗೆ ಇದ್ರಲ್ಲಿ ಎಂತ ಗೊತ್ತುಂಟು ಸ್ವರ್ಣಕ್ಕ?"

"ನಿಂಬೆಹಣ್ಣು ಇಡ್ಲಿಕ್ಕೆ ಗೊತ್ತುಂಟಲ್ಲ. ಬೀಳಿಸಿದವರೇ ಸರಿ ಮಾಡಿ."

ಭಟ್ಟರು ಸರಿ ಮಾಡಲು ಕೂತರು. ದೇವರಕೋಣೆಯ ಹಿತ್ತಾಳೆ ಊದುಬತ್ತಿ ಸ್ಟ್ಯಾಂಡನ್ನು ಗರಗಸದಲ್ಲಿ ಕೊಯ್ದು ಚಿಮಣಿ ಮಾಡಿದರು. ಮಗಳು ಭಾರ್ಗವಿಯ ವೀಣೆಯ ಹಳೆಯ ತಂತಿ ಹಿಡಿಕೆಯಾಯಿತು. ಮುಗಿದ ಬಾಲ್‌ಪೆನ್ನಿನ ತುದಿ ಸೀಟಿಯಾಯಿತು. ಅಂಟಿಸುವ ಗಮ್ಮು ಎಂಜಿನಿಗಿಂತ ಮೊದಲು ಭಟ್ಟರ ಬೆರಳುಗಳನ್ನೇ ಹಿಡಿಯಿತು. ಆ ಸಂಜೆ ಹೆಬ್ಬೆರಳು ತೋರುಬೆರಳು ಬೇರೆಯಾಗದೆ ಹಾಗೆಯೇ ಮಂಗಳಾರತಿ ಎತ್ತಿದರು. ಯಾವುದೋ ಹೊಸ ಮುದ್ರೆಯಿರಬೇಕೆಂದು ಭಕ್ತರು ಇನ್ನಷ್ಟು ಬಗ್ಗಿ ನಮಸ್ಕಾರ ಮಾಡಿದರು.

ಉಳಿದದ್ದು ದೀಪ. ರೈಲಿನ ಬಗ್ಗೆ ಭಟ್ಟರಿಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ, ಅದಕ್ಕೊಂದು ಕೆಂಪು ದೀಪ ಇರುತ್ತದೆ. ಹೆಂಡತಿಯ ಬಿಂದಿ ಅಂಟಿಸಿ ನೋಡಿದರು, ಎಂಜಿನ್ ಮದುವಣಗಿತ್ತಿಯಂತೆ ಕಂಡಿತು. ಕಿತ್ತರು. ಕನ್ನಡಿಗೆ ಬಿಂದಿ ವಾಪಸ್ ಅಂಟಿಸಲು ಹೋದಾಗ ಅವರಿಗೆ ತಮ್ಮದೇ ಕಿವಿ ಕಂಡಿತು. ಉಪನಯನದಲ್ಲಿ ಅಜ್ಜ ಕಿವಿ ಚುಚ್ಚಿಸಿ ಹಾಕಿಸಿದ ಒಂಟಿ, ಚಿನ್ನದ ಕಟ್ಟಿನಲ್ಲಿ ಕೆಂಪು ಕಲ್ಲು. ಅಂದಿನಿಂದ ಅದನ್ನು ತೆಗೆದವರಲ್ಲ. ಅವರು ಬಿಂದಿಯನ್ನು ಕನ್ನಡಿಗೆ ಒತ್ತಿದರು. ಆಮೇಲೆ ಎಡಗಿವಿಗೆ ತೆಂಗಿನೆಣ್ಣೆ ಹಚ್ಚಿಕೊಂಡರು.

ಮರುದಿನ ಚೀಲ ಎತ್ತಿಕೊಂಡು ಹೋಟೆಲಿಗೆ ಹೋಗಿ ಎಂಜಿನನ್ನು ಗಲ್ಲೆಯ ಮೇಲಿಟ್ಟರು. ಸೆಖೆಯಲ್ಲೂ ಶಾಲನ್ನು ತಲೆಗೆ ಸುತ್ತಿದ್ದರು. ಶೆಟ್ಟರು ಕನ್ನಡಕ ಏರಿಸಿ ಅದನ್ನು ಸುತ್ತ ತಿರುಗಿಸಿ ನೋಡಿದರು.

"ಚಿಮಣಿಯಿಂದ ಊದುಬತ್ತಿಯ ಪರಿಮಳ ಬರುತ್ತಿದೆ," ಎಂದರು. ಕನ್ನಡವೇ. ಭಟ್ಟರ ಮುಖ ಸಪ್ಪಗಾಯಿತು. "ಮತ್ತು ಕೆಂಪು ದೀಪ ಇರುವುದು ರೈಲಿನ ಬಾಲದಲ್ಲಿ. ಮುಂದೆ ಅಲ್ಲ."

"ನಾನು ನೋಡಿದಾಗೆಲ್ಲ ಕೆಂಪೇ ಇತ್ತಲ್ಲ ಶೆಟ್ರೇ?"

"ತಾವು ರಾಹುಕಾಲ ಮುಗಿಸಿ ಸ್ಟೇಷನ್ನಿಗೆ ಹೋಗುವವರು. ತಾವು ತಲುಪುವಾಗ ರೈಲು ಹೊರಟಿರುತ್ತದೆ. ಜೀವಮಾನವಿಡೀ ತಾವು ನೋಡಿದ್ದು ಅದರ ಬಾಲವನ್ನೇ."

ಹೀಗೆಂದು ಶೆಟ್ಟರು ಚಿಮಟ ಎತ್ತಿ ಆ ಕೆಂಪನ್ನು ಕೀಳಲು ಹೋದರು. ತುದಿ ತಾಗುವ ಮೊದಲೇ ಕೈ ನಿಂತಿತು. ಗಾಜಿಗೆ ಯಾರೂ ಚಿನ್ನದ ಕಟ್ಟು ಹಾಕುವುದಿಲ್ಲ. ಶೆಟ್ಟರು ತಲೆಯೆತ್ತಿ ನೋಡಿದರು. ಭಟ್ಟರು ಶಾಲನ್ನು ಎಡಗಿವಿಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಕೆಬಿತ ಕಲ್ಲ್ ಓಲು ಭಟ್ರೆ?"

ಕಿವಿಯ ಕಲ್ಲು ಎಲ್ಲಿ ಎಂದು ಕೇಳಿದ್ದು ತುಳುವಿನಲ್ಲಿ! ಭಟ್ಟರಿಗೆ ಕಣ್ಣು ತುಂಬಿ ಬಂತು. ಶೆಟ್ಟರು ಚಿಮಟ ಕೆಳಗಿಟ್ಟರು. ಡ್ರಾವರಿನಿಂದ ಹಳಿ ತೆಗೆದು ಗಲ್ಲೆಯ ಮೇಲೆ ದುಂಡಗೆ ಜೋಡಿಸಿ, ಎಂಜಿನ್ ಇಟ್ಟು, ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿದರು. ಎಂಜಿನ್ ಹಿಂದುಹಿಂದಕ್ಕೇ ಓಡತೊಡಗಿತು. ಈಗ ಕೆಂಪು ದೀಪ ಬಾಲದಲ್ಲಿತ್ತು, ಇರಬೇಕಾದಲ್ಲಿಯೇ.

"ಇನ್ನು ಇದು ಹೀಗೇ ಓಡುವುದು," ಎಂದು ಶೆಟ್ಟರು ತುಳುವಿನಲ್ಲೇ ಮುಂದುವರಿಸಿದರು. "ಆ ಕಲ್ಲು ನಾನು ಕೀಳುವುದಿಲ್ಲ, ನಿಮಗೆ ವಾಪಸ್ಸೂ ಕೊಡುವುದಿಲ್ಲ." ಅಡುಗೆಮನೆಯ ಕಡೆ ತಿರುಗಿ, "ಭಟ್ರೆಗ್ ಗೋಳಿಬಜೆ ಕೊರ್ಲೆ!" ಎಂದು ದೊಡ್ಡದಾಗಿ ಕೂಗಿದರು. ತಟ್ಟೆ ಬಂತು. ಶೆಟ್ಟರು ಎದುರಿನ ಕುರ್ಚಿ ಎಳೆದು ಕೂತು ಮೊದಲ ತುಂಡನ್ನು ತಾವೇ ಬಾಯಿಗೆ ಹಾಕಿಕೊಂಡರು.

ಭಟ್ಟರು ಶಾಲಿನ ತುದಿಯಿಂದ ಮೂಗೊರೆಸಿಕೊಂಡು ದುಂಡು ಹಳಿಯಲ್ಲಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿದ್ದ ಎಂಜಿನನ್ನು ನೋಡುತ್ತಾ ಕೂತರು. ಜೀವ ಬಂದಂತಾಗಿತ್ತು. ಜೊತೆಗೆ ಹಳೆಯ ಹುರುಪೂ ಬಂತು.

"ಶೆಟ್ರೇ, ಇದು ಇನ್ನು ಹಿಂದಕ್ಕೇ ಹೋಗುವುದಾದ್ರೆ ಒಳ್ಳೆದಾಯ್ತು. ಬರುವ ವರ್ಷ ನಿಂಬೆಹಣ್ಣು ದೀಪದ ಎದುರು ಇಡುವ. ಶಾಸ್ತ್ರವೂ ಆಗ್ತದೆ, ಚಕ್ರಕ್ಕೆ ತಾಗುವುದೂ ಇಲ್ಲ."