ಸೊಲ್ಲು ಎತ್ತುವವರು

ವರ್ಗಾವಣೆಯಾಗಿ ಕಂಪ್ಲಿಗೆ ಹೋದ ಮೇಲೆ ರೇಣುಕಾದೇವಿ ಟೀಚರಿಗೆ ಮೊದಲು ಕಲಿಸುತ್ತಿದ್ದ ಎಮ್ಮಿಗನೂರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಕರುಳು ಚುರ್ರೆನ್ನುತ್ತಿತ್ತು. ಹಾಗಾಗಿ ಐದನೇ ತರಗತಿಯ ಪರೀಕ್ಷೆಗೆ ಕೊಠಡಿ ಕಾಯಲು ಅದೇ ಊರಿಗೆ ಆರ್ಡರ್ ಬಂದಾಗ, ತವರಿಗೆ ಹೊರಟವಳಂತೆ ಹೊಸ ಸೀರೆ ಉಟ್ಟು ಬಸ್ಸು ಹತ್ತಿದಳು.

ಆ ಶಾಲೆಯಲ್ಲಿ ಆಕೆ ಮಗ್ಗಿ ಕಲಿಸಿದ್ದೇ ಬೇರೆ ಥರ. ಪಲ್ಲವಿ ಅಂತೊಬ್ಬ ಹುಡುಗಿ. ಎಷ್ಟು ತಿದ್ದಿಸಿದರೂ ಏಳರ ಮಗ್ಗಿ ಅವಳ ತಲೆಗೆ ಹತ್ತುತ್ತಿರಲಿಲ್ಲ. ಅವಳವ್ವ ಎರ್ರೆಮ್ಮ ಭತ್ತದ ನಾಟಿಗೆ ಹೋಗುವವಳು. ಗದ್ದೆಯಲ್ಲಿ ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಅದನ್ನು ಹಿಡಿದು ಹಾಡುತ್ತಾ, ಸಸಿ ನೆಡುತ್ತಾ ಹಿಂದಕ್ಕೆ ಸರಿಯುತ್ತಾರೆ. ಟೀಚರ್ ಅದನ್ನೇ ತರಗತಿಗೆ ತಂದಳು. "ಏಳೆಂಟ್ಲ ಎಷ್ಟವ್ವಾ?" ಎಂದು ತಾನು ಎತ್ತಿದರೆ, ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದು "ಐವತ್ತಾರಕ್ಕಾ!" ಎಂದು ಹಿಡಿಯುತ್ತಿದ್ದರು. ಎಲ್ಲರಿಗಿಂತ ಮುಂಚೆ ಪಲ್ಲವಿಯದೇ ದನಿ. ಮುಂದಿನ ವರ್ಷ ಸೊಲ್ಲನ್ನು ಅವಳಿಂದಲೇ ಎತ್ತಿಸಬೇಕು ಅಂದುಕೊಂಡಿದ್ದಳು. ಅಷ್ಟರಲ್ಲಿ ವರ್ಗಾವಣೆ ಬಂತು.

ಪ್ರಶ್ನೆಪತ್ರಿಕೆ ಸೀಲು ಹಾಕಿಸಿಕೊಂಡು ಹೊಸ ಅಳಿಯನ ಗತ್ತಿನಲ್ಲಿ ಬಂದಿತ್ತು. ಎಲ್ಲ ಊರಿಗೂ ಅದೊಂದೇ. ಹೆಡ್‌ಮಾಸ್ತರ್ ಸುಂಕಪ್ಪ ಲಕೋಟೆ ಒಡೆಯುತ್ತಾ, "ಮೇಡಂ, ಹಳೇ ಮಕ್ಕಳಂತ ಮಾತಾಡ್ಸಾಕ ಹೋಗ್ಬ್ಯಾಡ್ರಿ. ಮ್ಯಾಲಿನವ್ರು ಯಾವಾಗ ಬರ್ತಾರೋ ಗೊತ್ತಿಲ್ಲ" ಎಂದ. ಆತನದೇನೂ ತಪ್ಪಿಲ್ಲ ಬಿಡಿ, ಆತನೂ ಹೆದರಿದವನೇ.

ಟೀಚರನ್ನು ಕಂಡದ್ದೇ ಪಲ್ಲವಿಯ ಮುಖ ಅರಳಿತು. ಆದರೆ ಅರ್ಧ ಗಂಟೆಯಾದರೂ ಅವಳ ಪೆನ್ಸಿಲ್ ಅಲ್ಲಾಡಲಿಲ್ಲ. ಟೀಚರ್ ಹತ್ತಿರ ಹೋಗಿ ಬಗ್ಗಿ ನೋಡಿದಳು. ಒಂದು ಸಾಲಿಗೆ ಏಳು ಸಸಿ, ಎಂಟು ಸಾಲಿಗೆ ಎಷ್ಟು? ಕೆಳಗೆ ನಾಲ್ಕು ಉತ್ತರ, ಒಂದಕ್ಕೆ ಸುತ್ತು ಹಾಕಬೇಕು. ಪಲ್ಲವಿ ಪ್ರಶ್ನೆಯನ್ನು ನೋಡುತ್ತಿರಲಿಲ್ಲ. ಟೀಚರ ಬಾಯಿಯನ್ನೇ ನೋಡುತ್ತಿದ್ದಳು.

ಸೊಲ್ಲು ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಉತ್ತರವೇನೂ ಹೇಳಿದಂತಾಗುತ್ತಿರಲಿಲ್ಲ, ಕಾಗದದಲ್ಲಿದ್ದ ಪ್ರಶ್ನೆಯನ್ನೇ ದನಿ ತೆಗೆದು ಕೇಳಿದಂತಾಗುತ್ತಿತ್ತು, ಅಷ್ಟೇ. ಆದರೂ ಬಾಗಿಲ ಕಡೆ ನೋಡಿ ನುಂಗಿಕೊಂಡಳು. ಗಂಟೆ ಬಾರಿಸುವ ಹೊತ್ತಿಗೆ ಪಲ್ಲವಿ ಯಾವುದಕ್ಕೋ ಒಂದಕ್ಕೆ ಸುತ್ತು ಹಾಕಿದಳು. ಐವತ್ತಾರಕ್ಕಲ್ಲ.

ಬಸ್ ಸ್ಟ್ಯಾಂಡಿನವರೆಗೂ ಹುಡುಗಿ ಹಿಂದೆಯೇ ಬಂದಳು. ಟೀಚರಿಗೆ ತಡೆಯಲಾಗಲಿಲ್ಲ.

"ಏಳೆಂಟ್ಲ ಎಷ್ಟವ್ವಾ?"

"ಐವತ್ತಾರಕ್ಕಾ!" ರೆಪ್ಪೆ ಬಡಿಯುವುದರೊಳಗೆ ಬಂತು. ಬೆನ್ನಿಗೇ ಅವಳ ಮುಖ ಸಣ್ಣದಾಯಿತು. "ಒಳಗ ಯಾಕ ಎತ್ತಲಿಲ್ರಿ ಟೀಚರ್? ನಾ ಕಾಯಾಕತ್ತಿದ್ನಿ."

"ಇನ್ಮ್ಯಾಲೆ ನೀನ ಎತ್ಕೋಬೇಕವ್ವ, ಮನಸ್ಸಿನಾಗ."

"ನಂಗ ಹಿಡಿಯಾದಷ್ಟ ಬರ್ತೈತ್ರಿ."

ಇನ್ನೊಂದೇ ಒಂದು ವರ್ಷ ಇಲ್ಲಿದ್ದಿದ್ದರೆ! ಟೀಚರ್ ಅಂದುಕೊಂಡಳು. ಕಂಪ್ಲಿ ಬಸ್ಸು ಬಂತು. "ಜಲ್ದಿ ಹತ್ರಿ ಮೇಡಂ" ಎಂದು ಕಂಡಕ್ಟರ್ ಕೂಗಿದ. ನಾಳೆಯ ಡ್ಯೂಟಿ ಬೇರೆ ಊರಿಗೆ. ಹುಡುಗಿಯ ತಲೆ ಸವರಿ ಹತ್ತಿದಳು.

ಬಸ್ಸು ಹೊರಟಾಗ ಹಿಂದಿನಿಂದ ಅಳುಕುವ ಸಣ್ಣ ದನಿಯೊಂದು ಎದ್ದಿತು.

"ಏಳೊಂದ್ಲ ಎಷ್ಟವ್ವಾ?"

ಟೀಚರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಳೇ ಏಳಕ್ಕಾ!" ಎಂದು ಕೂಗಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಎರಡನೇ ಸೊಲ್ಲಿಗೆ ಕಿವಿಗೊಟ್ಟು ಕಾದಳು. ಬಸ್ಸು ಆಗಲೇ ಊರು ದಾಟಿತ್ತು.